ಕಡಲ ಭದ್ರತೆ, ವಿದೇಶಾಂಗ ನೀತಿ: ಸಂಶೋಧನೆ, ಪಾಠದ ದಾರಿ ಯಾವುದು?

ವಿರಾಜಪೇಟೆಯಿಂದ ಪ್ರಶ್ನೆ

ನಮಸ್ಕಾರ. ತಂಗಿ ಮಡಿಕೇರಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ, ರಾಜ್ಯಶಾಸ್ತ್ರ. ಹಿಂದೂ ಮಹಾಸಾಗರದ ಭದ್ರತೆ, ವಿದೇಶಾಂಗ ನೀತಿಯಲ್ಲಿ ಪಿಎಚ್.ಡಿ. ಮಾಡಿ ಪಾಠ ಹೇಳಬೇಕೆಂಬ ಆಸೆ. ಸೇನೆಗೆ ಹೋಗುವ ದಾರಿ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ. ಯಾವ ಎಂ.ಎ., ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್‌ಗೆ ಯಾವ ವಿಷಯ, ಸಂಶೋಧನೆಗೆ ಎಂಥ ವಿಷಯ?

ಉತ್ತರ: ಕುಶಾಲನಗರ

ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಎಂ.ಎ. ಗುರಿಯಾಗಿದ್ದರೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಬಿ.ಎ. ಫಲಿತಾಂಶ ಬರಲಿ ಅಂತ ಕಾದರೆ ಒಂದು ವರ್ಷ ಹೋಯಿತು. ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಿ. ನೆಟ್‌ನಲ್ಲಿ 'ಅಂತರರಾಷ್ಟ್ರೀಯ ಮತ್ತು ಪ್ರಾದೇಶಿಕ ಅಧ್ಯಯನ', 'ರಕ್ಷಣಾ ಅಧ್ಯಯನ' ಎಂಬ ಪ್ರತ್ಯೇಕ ವಿಷಯಗಳೂ ಇವೆ. ಆದರೂ ರಾಜ್ಯಶಾಸ್ತ್ರವೇ ಇರಲಿ. ನಮ್ಮ ಪದವಿ ಕಾಲೇಜುಗಳಲ್ಲಿ ಹುದ್ದೆ ಕರೆಯುವುದು ಆ ಹೆಸರಿನಲ್ಲಿ. ಬೇರೆ ವಿಷಯದ ನೆಟ್ ಹಿಡಿದು ಹೋದರೆ ಅರ್ಹತೆಯ ತಕರಾರು ಏಳಬಹುದು.

ನೆಟ್‌ಗೆ ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬಾರದು. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳು ಎಡವುವುದು ಇಲ್ಲೇ, ವಿಷಯ ಗೊತ್ತಿಲ್ಲದೆ ಅಲ್ಲ. ಈಗಿನಿಂದಲೇ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಬರೆದಿಟ್ಟುಕೊಂಡು ಓದಲಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000. ಅದಕ್ಕೆ ವಯೋಮಿತಿ 30, ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೆ ಈ ಹಣ ಬರುವುದಿಲ್ಲ.

ಉತ್ತರ: ಗೋಣಿಕೊಪ್ಪ

ವಿಷಯದ ಬಗ್ಗೆ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಪಿಎಚ್.ಡಿ.ಗಳು ಮುಗ್ಗರಿಸುವುದು ಅಲ್ಲೇ. 'ಹಿಂದೂ ಮಹಾಸಾಗರದಲ್ಲಿ ಚೀನಾ' ಅಂತ ಸಂಶೋಧನಾ ಪ್ರಸ್ತಾವ ಬರೆದರೆ ಅದಕ್ಕೆ ದಡವೇ ಇಲ್ಲ. ಜಲಾಂತರ್ಗಾಮಿಗಳ ನಿಯೋಜನೆ ಅಂತ ಹೊರಟರೆ ದಾಖಲೆ ಯಾರೂ ಕೊಡುವುದಿಲ್ಲ. ಅರ್ಧ ದಾರಿಯಲ್ಲಿ ಪತ್ರಿಕಾ ವರದಿಗಳೇ ಗತಿ. ತೆರೆದ ದಾಖಲೆ ಎಲ್ಲಿದೆ ಎಂದು ಮೊದಲು ನೋಡಿ, ಆಮೇಲೆ ಪ್ರಶ್ನೆ ಕಟ್ಟಬೇಕು. ಸಂಸತ್ತಿನ ಪ್ರಶ್ನೋತ್ತರ, ಸ್ಥಾಯಿ ಸಮಿತಿ ವರದಿ, ನ್ಯಾಯಮಂಡಳಿ ತೀರ್ಪು ಎಲ್ಲವೂ ಅಂತರ್ಜಾಲದಲ್ಲೇ ಸಿಗುತ್ತವೆ.

ಮೊದಲ ಓದಿಗೆ 1982ರ ಸಮುದ್ರ ಕಾನೂನು ಒಪ್ಪಂದ. 12 ನಾಟಿಕಲ್ ಮೈಲಿವರೆಗಿನ ಪ್ರಾದೇಶಿಕ ಸಮುದ್ರಕ್ಕೂ 200ರವರೆಗಿನ ಅನನ್ಯ ಆರ್ಥಿಕ ವಲಯಕ್ಕೂ ಕರಾವಳಿ ದೇಶದ ಹಕ್ಕು ಹೇಗೆ ಬೇರೆ ಎಂಬುದು ಗಟ್ಟಿಯಾಗಬೇಕು. ಜೊತೆಗೆ ಎರಡು ತೀರ್ಪು: ಬಂಗಾಳಕೊಲ್ಲಿ ಗಡಿಯ ಬಗ್ಗೆ ಬಾಂಗ್ಲಾದೇಶ-ಭಾರತ (2014), ದಕ್ಷಿಣ ಚೀನಾ ಸಮುದ್ರದ ಬಗ್ಗೆ ಫಿಲಿಪೀನ್ಸ್-ಚೀನಾ (2016).

ನಮ್ಮ ಜಿಲ್ಲೆಗೆ ಕಡಲಿಲ್ಲದಿದ್ದರೂ ಒಳ್ಳೆಯ ಪ್ರಶ್ನೆ ತೋಟದಲ್ಲೇ ಇದೆ. 2023ರ ಕೊನೆಯಲ್ಲಿ ಯೆಮನ್‌ನ ಹೂತಿ ಬಂಡುಕೋರರ ದಾಳಿ ಶುರುವಾದ ಮೇಲೆ ಬಹಳಷ್ಟು ಹಡಗುಗಳು ಕೆಂಪು ಸಮುದ್ರ, ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಹೋದವು. ಯುರೋಪಿಗೆ ಹೋಗುವ ನಮ್ಮ ಕಾಫಿಗೂ ಅದೇ ಸುತ್ತು. ಕಾಫಿ ಮಂಡಳಿಯ ರಫ್ತು ಅಂಕಿಅಂಶ ಹಿಡಿದು ನೌಕಾಪಡೆಯ ರಕ್ಷಣೆಯನ್ನೂ ಸಾಗಣೆ ವೆಚ್ಚವನ್ನೂ ಒಟ್ಟಿಗೆ ಅಳೆಯಬಹುದು.

ವಿರಾಜಪೇಟೆ

ತುಂಬಾ ಉಪಕಾರ. ಬೋಧನೆ ಬಿಟ್ಟರೆ ಕೆಲಸ?

ಉತ್ತರ: ಕುಶಾಲನಗರ

ದೆಹಲಿಯ ನ್ಯಾಷನಲ್ ಮ್ಯಾರಿಟೈಮ್ ಫೌಂಡೇಶನ್, ಮನೋಹರ ಪರಿಕ್ಕರ್ ಸಂಸ್ಥೆ, ಬೆಂಗಳೂರಿನ ಎನ್‌ಐಎಎಸ್ ಎಂಬ ಸಂಶೋಧನಾ ಸಂಸ್ಥೆಗಳಿವೆ. ಇಂಥ ಕಡೆ ಆರಂಭದ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು. ಖಾಯಂ ಸಹಾಯಕ ಪ್ರಾಧ್ಯಾಪಕರ ಮೂಲವೇತನ 57,700 ರೂ. ದುಡ್ಡು ಕೇಳಿ ವಾರದಲ್ಲೇ ಲೇಖನ ಅಚ್ಚು ಹಾಕುವ ಜರ್ನಲ್ ಹತ್ತಿರ ಹೋಗಬೇಡಿ, ಸಂದರ್ಶನದಲ್ಲಿ ಅದೇ ಮುಳುವಾಗುತ್ತದೆ. ಜೊತೆಗೆ ಒಂದು ವಿದೇಶಿ ಭಾಷೆ ಕಲಿಯಲಿ. ಎಲ್ಲರೂ ಚೀನೀ ಅನ್ನುತ್ತಾರೆ. ಮಡಗಾಸ್ಕರ್, ಕೊಮೊರೊಸ್, ರಿಯೂನಿಯನ್ ಕಡೆಯ ದಾಖಲೆ ಓದಲು ಫ್ರೆಂಚ್ ಬೇಕು, ಅದನ್ನು ಬಲ್ಲವರು ನಮ್ಮಲ್ಲಿ ಕಡಿಮೆ.