ಪೆರೋಲೋ, ಪೇರೋಲೋ?

ಕೈದಿಯೊಬ್ಬ ತಾಯಿಯ ತಿಥಿಗೆಂದು ಊರಿಗೆ ಬಂದ ಸುದ್ದಿಯೊಂದರ ತಲೆಬರಹದಲ್ಲಿ ‘ಪೆರೋಲ್’ ಎಂದಿದೆ, ಎರಡನೆಯ ಸಾಲಿನಲ್ಲಿ ‘ಪೇರೋಲ್’ ಎಂದಿದೆ. ಯಾವುದು ಸರಿ, ಈ ಪದ ಬಂದದ್ದೆಲ್ಲಿಂದ ಎಂದು ಗೆಳೆಯರು ಕೇಳಿದ್ದಾರೆ.

ಮೊದಲ ಪ್ರಶ್ನೆ ಸುಲಭದ್ದು. ಪೇರೋಲ್ ಎಂದರೆ ಸಂಬಳದ ಪಟ್ಟಿ, ಕೈದಿಯ ಬಿಡುಗಡೆಗೆ ಅದರ ಗೊಡವೆಯೇ ಇಲ್ಲ. ಪೆರೋಲ್ ಬೇರೆ ಪದ. ಅದು ಫ್ರೆಂಚಿನ ‘ಪರೋಲ್’, ಅಲ್ಲಿ ಅದರ ಅರ್ಥ ಬರೀ ‘ಮಾತು’. ಭಾಷಾಶಾಸ್ತ್ರ ಓದಿದವರು ಸ್ವಿಸ್ ಭಾಷಾಶಾಸ್ತ್ರಜ್ಞ ಸೊಸ್ಯೂರನ ‘ಲಾಂಗ್–ಪರೋಲ್’ (ಭಾಷೆಯ ವ್ಯವಸ್ಥೆ–ಆಡುವ ಮಾತು) ಜೋಡಿಯಲ್ಲಿ ಇದನ್ನು ಕಂಡಿರುತ್ತಾರೆ.

ಮಾತು ಬಿಡುಗಡೆಯಾದದ್ದು ಯುದ್ಧಭೂಮಿಯಲ್ಲಿ. ‘ಪರೋಲ್ ದೊನ್ನೂರ್’ ಎಂದರೆ ಮರ್ಯಾದೆಯನ್ನು ಒತ್ತೆಯಿಟ್ಟು ಕೊಡುವ ಮಾತು. ಸೆರೆಸಿಕ್ಕ ಅಧಿಕಾರಿ ತಪ್ಪಿಸಿಕೊಳ್ಳುವುದಿಲ್ಲವೆಂದು ಮಾತು ಕೊಟ್ಟರೆ ಸೆರೆಮನೆಯ ಹೊರಗಿರಬಹುದಿತ್ತು. ನೆಪೋಲಿಯನ್ನನ ಕಾಲದಲ್ಲಿ ಬ್ರಿಟನ್ನಿಗೆ ಸೆರೆಯಾಳಾಗಿ ಬಂದ ಫ್ರೆಂಚ್ ಅಧಿಕಾರಿಗಳು ಹೀಗೆಯೇ ಸಣ್ಣ ಪಟ್ಟಣಗಳಲ್ಲಿ ಬಾಡಿಗೆ ಕೋಣೆ ಹಿಡಿದು ಬದುಕಿದರು. ಊರಾಚೆಗಿನ ಹೆದ್ದಾರಿಯಲ್ಲಿ 1 ಮೈಲಿ ದೂರ ನಡೆದುಬರಬಹುದು, ಸಂಜೆಯ ಗಂಟೆ ಬಾರಿಸುವಷ್ಟರಲ್ಲಿ ಮನೆ ಸೇರಿರಬೇಕು. ಮಾತಿಗೆ ತಪ್ಪಿ ಓಡಿದವರೂ ಇದ್ದರೆನ್ನಿ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನಮ್ಮ ‘ಭಾಷೆ’ಯೂ ಹೀಗೆಯೇ: ಆಡುವ ನುಡಿಯೂ ಹೌದು, ಕೊಡುವ ಆಣೆಯೂ ಹೌದು. ಕರುವಿಗೆ ಹಾಲುಣಿಸಿ ಬರುತ್ತೇನೆಂದು ಹುಲಿಗೆ ಭಾಷೆ ಕೊಟ್ಟು ಹೋದ ಪುಣ್ಯಕೋಟಿ ಹೋದದ್ದು ಪೆರೋಲಿನ ಮೇಲೆಯೇ.

ಈ ಪದದ ನೆಂಟರಿಷ್ಟರು ಇನ್ನೂ ಸ್ವಾರಸ್ಯದವರು. ಮೂಲ ಗ್ರೀಕಿನ ‘ಪರಬೊಲೆ’, ಒಂದರ ಪಕ್ಕಕ್ಕೆ ಇನ್ನೊಂದನ್ನು ಇಡುವುದು, ಅಂದರೆ ಹೋಲಿಕೆ. ಲ್ಯಾಟಿನ್ನಿನಲ್ಲಿ ಅದು ಹೋಲಿಕೆಯ ಕಥೆಯಾಯಿತು, ಕಥೆ ಸವೆದು ಬರೀ ಮಾತಾಯಿತು. ಗಣಿತದ ಪರವಲಯಕ್ಕೆ ಇಂಗ್ಲಿಷಿನಲ್ಲಿ ಇರುವ ‘ಪ್ಯಾರಾಬೊಲಾ’ ಎಂಬ ಹೆಸರೂ ಅದೇ ಬೇರಿನದು. ಮಾತನಾಡು ಎಂಬ ಫ್ರೆಂಚ್ ಕ್ರಿಯಾಪದ ‘ಪಾರ್ಲೆ’. ಮಾತನಾಡುವ ಸಭೆ ಪಾರ್ಲಿಮೆಂಟ್ ಆಯಿತು. ಮೌನವ್ರತದ ಕ್ರೈಸ್ತ ಮಠಗಳಲ್ಲಿ ಹೊರಗಿನವರೊಡನೆ ಮಾತಿಗೆಂದು ಬಿಟ್ಟ ಕೋಣೆ ‘ಪಾರ್ಲ್ವಾರ್’ ಆಯಿತು. ಅದೇ ಇಂಗ್ಲಿಷಿಗೆ ಬಂದು ಮನೆಯ ಪಡಸಾಲೆಯಾಯಿತು, ಅಮೆರಿಕದಲ್ಲಿ ಅಂಗಡಿಯ ಬೋರ್ಡು ಹತ್ತಿತು. ನಮ್ಮ ಬೀದಿಯ ನಂದಿನಿ ಪಾರ್ಲರಿನ ಮುಂದೆ ಬೆಳಗ್ಗೆ ಆರಕ್ಕೆ ಹಾಲಿಗೆ ನಿಂತವರ ಹರಟೆ ಕೇಳಿದರೆ ಹೆಸರು ಸಾರ್ಥಕವೆನಿಸುತ್ತದೆ. ಬ್ಯೂಟಿ ಪಾರ್ಲರಿನ ಬಗ್ಗೆ ಹೇಳುವ ಅನುಭವ ನನಗಿಲ್ಲ.

ಪೆರೋಲಿನ ಜೊತೆಗೇ ಕೇಳಿಬರುವ ‘ಫರ್ಲೋ’, ಅಂದರೆ ಕೈದಿಗೆ ಸಿಗುವ ರಜೆ, ಈ ಬಳಗದ್ದಲ್ಲ, ಅದು ಡಚ್ಚಿನಿಂದ ಬಂದದ್ದು. ಆದರೆ ಬೈಸಿಕೊಂಡ ‘ಪೇರೋಲ್’ ಫ್ರೆಂಚಿಗೆ ಪೂರ್ತಿ ಪರಕೀಯವಲ್ಲ. ‘ಪೇ’, ‘ರೋಲ್’ ಎರಡೂ ಹಳೆಯ ಫ್ರೆಂಚಿನವೇ. ಪೇ ಎಂದರೆ ಮೂಲದಲ್ಲಿ ಸಮಾಧಾನಪಡಿಸುವುದು. ಸಾಲಗಾರನ ಬಾಗಿಲಲ್ಲಿ ನಿಂತವನನ್ನು ನೆನೆಸಿಕೊಳ್ಳಿ.

ಫ್ರೆಂಚರು ಮಾತ್ರ ಇಂಥ ಬಿಡುಗಡೆಗೆ ಪರೋಲ್ ಎನ್ನುವುದಿಲ್ಲ, ‘ಷರತ್ತಿನ ಬಿಡುಗಡೆ’ ಎಂಬರ್ಥದ ಪದ ಬಳಸುತ್ತಾರೆ. ನಮ್ಮಲ್ಲೂ ಈಗ ಬರೀ ಬಾಯಿಮಾತು ನಡೆಯುವುದಿಲ್ಲ, ಮುಚ್ಚಳಿಕೆ ಬರೆದುಕೊಡಬೇಕು. ಹಾಗಿದ್ದರೂ ಕನ್ನಡಕ್ಕೆ ತರುವುದಾದರೆ ‘ಷರತ್ತಿನ ಬಿಡುಗಡೆ’ಗಿಂತ ‘ಭಾಷೆಬಿಡುವು’ ನನಗೆ ಇಷ್ಟ. ಇದಕ್ಕಿಂತ ಬಾಯಿಗೆ ಹಗುರಾದದ್ದು ಯಾರಿಗಾದರೂ ಹೊಳೆದರೆ ತಿಳಿಸಿ. ಅಲ್ಲಿಯವರೆಗೆ ‘ಪ’ಕಾರಕ್ಕೆ ದೀರ್ಘ ಹಚ್ಚದಿದ್ದರೆ ಸಾಕು.