ಸೆಜಾನ್‌ನ ನೀಲಿ ಪಾತ್ರೆಯ ಚಿತ್ರ ಅರ್ಧಕ್ಕೇ ನಿಂತದ್ದಾ?

ಪ್ರಶ್ನೆ
ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ ಬಿಡಿಸಿದ ನೀಲಿ ಪಾತ್ರೆಯ ಜಲವರ್ಣವನ್ನು ಅಮೆರಿಕದ ಗೆಟ್ಟಿ ಮ್ಯೂಸಿಯಂ ವೆಬ್‌ಸೈಟಿನಲ್ಲಿ ದೊಡ್ಡದು ಮಾಡಿ ನೋಡಿದೆ. ನೀಲಿ ಎನಾಮಲ್ ಪಾತ್ರೆ, ಬಿಳಿ ಹಾಲಿನ ಜಗ್ಗು, ಸೇಬು, ಮುದುರಿದ ಬಟ್ಟೆ. ಇಷ್ಟಕ್ಕೇ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಆದರೆ ಪೆನ್ಸಿಲ್ ಗೆರೆ ಹಾಗೇ ಕಾಣುತ್ತದೆ, ಕೆಲವು ಕಡೆ ಬಣ್ಣವೇ ಇಲ್ಲ. ಪೂರ್ತಿ ಮಾಡಲಿಲ್ಲವಾ? ಗೊತ್ತಿರುವವರು ಹೇಳಿ.

ಉತ್ತರ 1
ನಾನು ಜಲವರ್ಣ ಮಾಡುವವಳು, ಈ ಚಿತ್ರ ಅಂದರೆ ನನಗೆ ಪ್ರಾಣ. ನನ್ನ ಕಣ್ಣಿಗೆ ಇದು ಪೂರ್ತಿಯಾದ ಚಿತ್ರವೇ.

ಜಗ್ಗು ನೋಡಿ. ಆ ಬಿಳಿ ಬಣ್ಣವಲ್ಲ, ಕಾಗದ. ಅವನು ಹಚ್ಚಿದ್ದು ನೆರಳು ಮಾತ್ರ, ಅದೂ ತೀರಾ ತೆಳ್ಳಗೆ. ಉಳಿದ ಜಾಗ ತಾನಾಗಿಯೇ ಉಬ್ಬಿ ಜಗ್ಗಾಗಿದೆ! ಬಿಳಿ ಪೋಸ್ಟರ್ ಕಲರ್ ಬಳಿದಿದ್ದರೆ ಈ ಬೆಳಕು ಸತ್ತೇ ಹೋಗುತ್ತಿತ್ತು.

ಇನ್ನು ನೀಲಿ ಪಾತ್ರೆ. ಒಂದೇ ನೀಲಿ ತುಂಬಿಸಿದ್ದಲ್ಲ. ಸಣ್ಣ ಸಣ್ಣ ಪಟ್ಟಿ, ಒಂದರ ಮೇಲೊಂದು. ಅಂಚುಗಳು ಕಲೆಸಿಹೋಗಿಲ್ಲ, ಅಂದರೆ ಕೆಳಗಿನದು ಒಣಗುವ ತನಕ ಕಾದಿದ್ದಾನೆ. 1904ರಲ್ಲಿ ಅವನು ಕೆಲಸ ಮಾಡುವುದನ್ನು ಕಂಡ ಚಿತ್ರಕಾರ ಎಮಿಲ್ ಬರ್ನಾರ್ಡ್ ಇದನ್ನೇ ಬರೆದಿದ್ದಾನೆ: ನೆರಳಿನಿಂದ ಶುರು, ಒಂದು ಪಟ್ಟಿ, ಅದರ ಮೇಲೆ ಇನ್ನೊಂದು, ಮತ್ತೊಂದು. ಎಷ್ಟು ತಾಳ್ಮೆ ಬೇಕು ಅಂತ ಬ್ರಷ್ ಹಿಡಿದವರಿಗೆ ಗೊತ್ತು.

ಉತ್ತರ 2
ಪೆನ್ಸಿಲ್ ಗೆರೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ ಮೇಡಂ. ಅಂಚಿಗೆ ಒಂದೇ ಗೆರೆ ಇಲ್ಲ, ಮೂರು ನಾಲ್ಕು ಇವೆ. ಬಣ್ಣವೂ ಗೆರೆಯೊಳಗೇ ನಿಲ್ಲುವುದಿಲ್ಲ. ಹಾಗಾಗಿ ದುಂಡು ವಸ್ತು ನಿಜಕ್ಕೂ ದುಂಡಾಗಿ, ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಸೇಬುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಇದು 1900ರಿಂದ 1906ರ ನಡುವಿನ ಕೆಲಸ, ಅವನ ಕೊನೆಯ ವರ್ಷಗಳದ್ದು. ಅಷ್ಟು ಪಳಗಿದ ಕೈ ಗೆರೆ ಅಳಿಸಲು ಮರೆಯಿತು ಅಂತ ನನಗಂತೂ ಅನ್ನಿಸುವುದಿಲ್ಲ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಈಗ ಮತ್ತೆ ನೋಡಿದೆ. ಮುಂದಿರುವ ಬಟ್ಟೆಯೂ ಹೀಗೇ ಅಲ್ವಾ? ಮಡಿಕೆಗಳಿಗಷ್ಟೇ ಬಣ್ಣ, ಉಳಿದದ್ದೆಲ್ಲ ಕಾಗದ. ಪ್ರಿಂಟ್ ತೆಗೆಸಿ ಅಡುಗೆಮನೆ ಗೋಡೆಗೆ ಹಾಕಬೇಕು ಅಂತಿದ್ದೇನೆ.

ಉತ್ತರ 1
ಹೌದು, ಬಟ್ಟೆಯೂ ಹಾಗೇ. ಪ್ರಿಂಟ್‌ಗೆ ಹೊಳೆಯುವ ಫೋಟೋ ಪೇಪರ್ ಬೇಡ, ಮ್ಯಾಟ್ ಪೇಪರ್ ಕೇಳಿ. ಮೂಲ ಚಿತ್ರ ಸುಮಾರು 48 ಸೆಂ.ಮೀ. ಎತ್ತರ, 63 ಸೆಂ.ಮೀ. ಅಗಲ ಇದೆ. ಆದಷ್ಟು ಅದೇ ಅಳತೆಗೆ ತೆಗೆಸಿ, ಚಿಕ್ಕದಾದರೆ ಪೆನ್ಸಿಲ್ ಗೆರೆ ಕಾಣುವುದಿಲ್ಲ. ಒಲೆಯಿಂದ ಮಾತ್ರ ದೂರ ಹಾಕಿ, ಒಗ್ಗರಣೆ ಸಿಡಿಯುತ್ತದೆ.