ಟ್ರೇಲರ್‌ನಲ್ಲಿ ಎಳೆದೊಯ್ಯುವ ಹಾಯಿದೋಣಿ: ಯಾವುದು ಕೊಳ್ಳಲಿ?

ಪ್ರಶ್ನೆ: ನಾವಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ. ಚೆಸಾಪೀಕ್ ಕೊಲ್ಲಿಯಲ್ಲಿ ದಡದ ಆಸುಪಾಸಿನಲ್ಲೇ ಎರಡು ಮೂರು ದಿನ ಸುತ್ತಬೇಕು, ರಾತ್ರಿ ದೋಣಿಯಲ್ಲೇ ಮಲಗಬೇಕು ಅಂತ ಆಸೆ. ನಾನು, ಹೆಂಡತಿ, ಎಂಟು ವರ್ಷದ ಮಗಳು. ನಮ್ಮ ಮಿನಿವ್ಯಾನ್ 3,500 ಪೌಂಡ್ ಎಳೆಯುತ್ತದೆ. ಕೆಟಲೀನಾ 22 ತಗೊಳ್ಳಲಾ, ವೆಸ್ಟ್ ವೈಟ್ ಪಾಟರ್ 19 ತಗೊಳ್ಳಲಾ?

ಉತ್ತರ 1: ಆರು ವರ್ಷದಿಂದ ನಮ್ಮ ಹತ್ತಿರ ಹಳೆಯ ಕೆಟಲೀನಾ 22 ಇದೆ, ಕೀಲ್ (ದೋಣಿ ಮಗುಚದ ಹಾಗೆ ತಳದಲ್ಲಿರುವ ಭಾರದ ರೆಕ್ಕೆ) ಎತ್ತಿ ಇಳಿಸುವಂಥದ್ದು. ಒಳಗೆ ಜಾಗ ಚೆನ್ನಾಗಿದೆ. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ಆದರೆ ತೂಕದ ಲೆಕ್ಕ ಸರಿಯಾಗಿ ಹಾಕಿ ಸರ್. ದೋಣಿಯೊಂದೇ ಸುಮಾರು 2,250 ಪೌಂಡ್. ಅದರ ಮೇಲೆ ಟ್ರೇಲರ್, ಮೋಟಾರು, ಲಂಗರು, ನೀರಿನ ಕ್ಯಾನು, ಹಾಸಿಗೆ. ಎಲ್ಲ ತುಂಬಿಕೊಂಡು ತೂಕ ಹಾಕಿಸಿದರೆ ನಮ್ಮದು 3,700 ದಾಟಿತ್ತು. ನಿಮ್ಮ ವ್ಯಾನಿಗೆ ಬೇಡ.

ಇನ್ನೊಂದು, ಕೀಲ್. 550 ಪೌಂಡಿನ ಕಬ್ಬಿಣ ಒಂದು ಸಣ್ಣ ಉಕ್ಕಿನ ಕೇಬಲ್ ಮೇಲೆ ನೇತಾಡುತ್ತದೆ. ಎರಡನೇ ವರ್ಷ ಆ ಕೇಬಲ್ ಸುತ್ತುವ ವಿಂಚ್ ತಿರುಗಿಸುವಾಗ ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಕೇಬಲ್ಲಿನ ನಾಲ್ಕು ಎಳೆ ತುಂಡಾಗಿ ಸೂಜಿಯ ಹಾಗೆ ಎದ್ದು ನಿಂತಿದ್ದವು. ಅವತ್ತೇ ಬದಲಾಯಿಸಿದೆ. ಹಳೆಯದು ಕೊಳ್ಳುವುದಾದರೆ ಕೇಬಲ್, ಕೀಲ್ ತಿರುಗುವ ಪಿನ್ನು ಎರಡನ್ನೂ ಕಣ್ಣಾರೆ ನೋಡಿ.

ಉತ್ತರ 2: ನನ್ನದು ಪಾಟರ್ 19. ತೂಕ 1,225 ಪೌಂಡ್ ಅಷ್ಟೇ, ನಿಮ್ಮ ವ್ಯಾನಿಗೆ ಹೂ ಎತ್ತಿದ ಹಾಗೆ. ಕೀಲ್ ಮೇಲೆಳೆದರೆ ಆರು ಇಂಚು ನೀರು ಸಾಕು. ಆ ಕೊಲ್ಲಿಯ ಸರಾಸರಿ ಆಳವೇ 21 ಅಡಿ, ಅಂಚಿನ ತೋಡುಗಳಲ್ಲಿ ಎಷ್ಟೋ ಕಡೆ ಮೊಣಕಾಲುದ್ದ. ಬೇಸಿಗೆಯ ಸಂಜೆ ಗುಡುಗು ಮೋಡ ಎದ್ದಾಗ ಇಂಥ ತೋಡಿನೊಳಗೆ ನುಗ್ಗಿ ಲಂಗರು ಹಾಕುವುದೇ ನಮಗೆ ದೊಡ್ಡ ಧೈರ್ಯ. ಆದರೆ ಎದುರು ಅಲೆ ಇದ್ದರೆ ದಬದಬ ಬಡಿದುಕೊಳ್ಳುತ್ತದೆ, ಮುಂದೆ ಸಾಗುವುದೇ ಕಷ್ಟ. ಅಂಥ ದಿನ ನಾವು ಹೊರಡುವುದಿಲ್ಲ.

ದೂರದಿಂದ ಎಳೆದು ತಂದ ಕೂಡಲೇ ಟ್ರೇಲರ್ ನೀರಿಗೆ ಇಳಿಸಬೇಡಿ. ಬಿಸಿಯಾದ ಚಕ್ರದ ಬೇರಿಂಗು ತಣ್ಣೀರಿಗೆ ಬಿದ್ದರೆ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ತಣಿಯಲಿ, ಅಷ್ಟರಲ್ಲಿ ಮಾಸ್ಟ್ (ಹಾಯಿ ಕಟ್ಟುವ ಕಂಬ) ಎತ್ತಿಕೊಳ್ಳಬಹುದು. ಮೇಲೆ ಕರೆಂಟು ತಂತಿ ಇದೆಯಾ ಅಂತ ಪ್ರತಿ ಸಲ ನೋಡಿ, ಪ್ರಾಣದ ವಿಷಯ.

ದುಡ್ಡು ಕೊಡುವ ಮುಂಚೆ ಮೂವರೂ ಒಳಗೆ ಹೋಗಿ ಕಾಲು ಚಾಚಿ ಮಲಗಿ ನೋಡಿ. ಸುಮ್ನೆ ಇಣುಕಿದರೆ ಗೊತ್ತಾಗಲ್ಲ. ನಮ್ಮ ಮನೆಯಲ್ಲಿ ಮಗ ಉದ್ದ ಬೆಳೆದ ಮೇಲೆ ಅವನೊಬ್ಬ ಹೊರಗೆ, ಟಾರ್ಪಾಲು ಕಟ್ಟಿಕೊಂಡು ಮಲಗುತ್ತಾನೆ.